ವಕೀಲರೊಡನೆ ಲೆಕ್ಕ ಕೇಳುವುದು ತಪ್ಪೇ?

ಮನೆ ಕಟ್ಟಿಸುವಾಗ ಮೇಸ್ತ್ರಿಯ ಕೂಲಿಯನ್ನು ನೀವು ಮೊದಲೇ ಕೇಳಿ ತಿಳಿದುಕೊಳ್ಳುತ್ತೀರಿ. ಆದರೆ ವಕೀಲರ ಕಛೇರಿಯ ಮೆಟ್ಟಿಲು ಹತ್ತಿದೊಡನೆ ಬಾಯಿ ಕಟ್ಟಿ ಹೋಗುತ್ತದೆ. "ಫೀಸು ಆಮೇಲೆ ನೋಡೋಣ" ಎಂದು ಅವರೆನ್ನುತ್ತಾರೆ. ನೀವು ವಕಾಲತ್ತಿಗೆ ಸಹಿ ಹಾಕಿ ಹಿಂದಿರುಗುತ್ತೀರಿ. ಮುಂದಿನ ಜಗಳಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

ಪ್ರತಿಫಲವನ್ನು ಗೊತ್ತುಪಡಿಸದ ದುಡಿಮೆಯ ಕರಾರನ್ನು ಇಸ್ಲಾಮೀ ಕರ್ಮಶಾಸ್ತ್ರವು ಸರಿಯೆನ್ನುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಸೂರಃ ಅಲ್ ಬಕರದ 282ನೆಯ ಸೂಕ್ತವು ಪವಿತ್ರ ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದುದು. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ. ಒಟ್ಟು ಫೀಸೆಷ್ಟು, ಕೋರ್ಟು ಶುಲ್ಕ, ಟೈಪಿಂಗ್, ಪ್ರಯಾಣದ ಖರ್ಚು ಅದರಲ್ಲಿ ಸೇರಿದೆಯೇ, ಮೇಲ್ಮನವಿಗೆ ಬೇರೆ ಕೊಡಬೇಕೇ ಎಂದು ಕೇಳಿರಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ.

ಅಪಘಾತದ ಪರಿಹಾರ ಪ್ರಕರಣಗಳಲ್ಲಿ ಇನ್ನೊಂದು ರೂಢಿಯಿದೆ. "ಬಂದದ್ದರಲ್ಲಿ ಶೇಕಡಾ ಇಷ್ಟು ನನಗೆ" ಎಂಬ ಒಪ್ಪಂದ! ಇದು ಕಾನೂನಿಗೆ ವಿರುದ್ಧ. ತೀರ್ಪಿನ ಫಲಕ್ಕೆ ಗಂಟುಹಾಕಿ ಫೀಸು ಗೊತ್ತುಪಡಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರ ಮೇಲೆ, ಫೀಸಿಗಾಗಿ ಪಡೆದ ಚೆಕ್ ನಗದಾಗಲಿಲ್ಲವೆಂದು ಅವರ ವಕೀಲರೇ ಮೊಕದ್ದಮೆ ಹೂಡಿದ್ದರು. ಪರಿಹಾರದ ಹಣದಲ್ಲಿ ಶೇಕಡಾವಾರು ಫೀಸು ಕೇಳುವುದು ಕಾನೂನುಬಾಹಿರವೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಅನಾಥ ಮಕ್ಕಳ ಪಾಲು ಸೇರಿರುವ ಹಣವದು ಎಂಬುದನ್ನು ಯೋಚಿಸಿರಿ.

ನಿಮ್ಮ ಹಣ ವಕೀಲರ ಕೈಯಲ್ಲಿ ಅಮಾನತ್ತು. ಅದರ ಲೆಕ್ಕವಿಡುವುದು ಅವರ ಕರ್ತವ್ಯ. ಕೇಳಿದರೆ ಲೆಕ್ಕದ ನಕಲನ್ನೂ ಕೊಡಬೇಕು, ನಕಲಿನ ಖರ್ಚು ಮಾತ್ರ ನಿಮ್ಮದು. ಫೀಸು ಬಾಕಿಯಿದೆಯೆಂದು ಕಡತವನ್ನು ತಡೆಹಿಡಿಯುವ ಹಕ್ಕು ಅವರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪಿತ್ತಿದೆ.

ವಿವಾದ ಬಂದರೆ ಚಹಾದಂಗಡಿಯಲ್ಲಿ ಕುಳಿತು ಅವರ ಮಾನ ಕಳೆಯಬೇಡಿರಿ, ಅದು ಗೀಬತ್. ಪರಿಹಾರ ಕೊಡಬಲ್ಲವರ ಮುಂದೆ ಅನ್ಯಾಯಕ್ಕೊಳಗಾದವನು ದೂರು ಹೇಳುವುದು ಗೀಬತ್ ಅಲ್ಲ. ಮೊದಲು ಲೆಕ್ಕ ಕೇಳಿ ಪತ್ರ ಬರೆಯಿರಿ, ನಕಲು ಇಟ್ಟುಕೊಳ್ಳಿರಿ. ಉತ್ತರ ಬಾರದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ವಕೀಲರನ್ನು ಶಿಕ್ಷಿಸಬಲ್ಲದು. ಹಣ ಹಿಂದಕ್ಕೆ ಪಡೆಯಲು ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕಾದೀತು. ಗ್ರಾಹಕರ ನ್ಯಾಯಾಲಯದ ಬಾಗಿಲು ಇದಕ್ಕೆ ತೆರೆದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಕೇಸು ಗೆದ್ದ ಮರುದಿನ ವಕೀಲರ ಬೀದಿಯನ್ನೇ ತಪ್ಪಿಸಿ ನಡೆಯುವವರಿದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ಕರಿಕೋಟು ತೊಟ್ಟವರಿಗೆ ಅನ್ವಯಿಸದೇ? ಒಪ್ಪಿದ ಫೀಸನ್ನು ಕೊಡದಿರುವುದು, ಎದುರಾಳಿ ಯಾರೇ ಇರಲಿ, ಪರರ ಹಕ್ಕನ್ನು ಉಣ್ಣುವುದೇ.

ಇನ್ನು ಫೀಸು ಕೊಡುವ ಶಕ್ತಿಯೇ ಇಲ್ಲದವರು ಸಾಲ ಮಾಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಛೇರಿ ಎಲ್ಲಿದೆಯೆಂದು ವಿಚಾರಿಸಿ, ಅರ್ಜಿ ಬರೆದುಕೊಡಿರಿ.