ಇಗ್ನಿಷನ್ ವೈರ್ ಓದುವುದು ಹೇಗೆ: ಕಾರ್ವೆಟ್ ಜಡ್ಜಿಂಗಿನ ಕೆಲವು ಪಾಠಗಳು

1967ರ ಕಾರ್ವೆಟ್‌ನ ಹುಡ್ ಎತ್ತಿದರೆ ಎಲ್ಲರ ಕಣ್ಣೂ ಕಾರ್ಬ್ಯುರೇಟರ್ ಮೇಲೆ. ನಾನು ಮೊದಲು ನೋಡುವುದು ಇಗ್ನಿಷನ್ ವೈರು. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ಜಡ್ಜಿಂಗ್‌ನಲ್ಲಿ ಸ್ಥಿತಿಗೆ ಬೇರೆ ಅಂಕ, ಒರಿಜಿನಾಲಿಟಿಗೆ ಬೇರೆ ಅಂಕ. ಸೇಂಟ್ ಲೂಯಿಸ್ ಕಾರ್ಖಾನೆಯಿಂದ ಹೊರಬಿದ್ದ ದಿನ ಗಾಡಿ ಹೇಗಿತ್ತೋ ಹಾಗೆ ಕಾಣಬೇಕು. ಟಾಪ್ ಫ್ಲೈಟ್ ಪ್ರಶಸ್ತಿಗೆ ಶೇಕಡ 94 ಅಂಕ ಬೇಕಾಗಿರುವಾಗ ಚಿಲ್ಲರೆ ಅಂಕವೂ ದುಬಾರಿ.

1. ವೈರಿನ ಮೇಲಿನ ಬಿಳಿ ಅಕ್ಷರ ಓದಿ. ಜನರಲ್ ಮೋಟರ್ಸ್‌ಗೆ ಈ ವೈರು ಬರುತ್ತಿದ್ದದ್ದು ಒಹಾಯೊದ ವಾರೆನ್ ಊರಿನ ಪ್ಯಾಕರ್ಡ್ ಎಲೆಕ್ಟ್ರಿಕ್‌ನಿಂದ. 'ಪ್ಯಾಕರ್ಡ್ ಟಿ.ವಿ.ಆರ್.ಎಸ್.' ಎಂಬ ಅಚ್ಚಿನ ಜೊತೆ '3-ಕ್ಯೂ-66' ಎಂದಿದ್ದರೆ, 1966ರ ಮೂರನೇ ತ್ರೈಮಾಸಿಕದ ಮಾಲು. ನವೆಂಬರ್ 1966ರಲ್ಲಿ ಜೋಡಿಸಿದ ಗಾಡಿಗೆ ಅದು ಸರಿಹೊಂದುತ್ತದೆ. ಅದೇ ಗಾಡಿಯಲ್ಲಿ '1-ಕ್ಯೂ-67' ಕಂಡರೆ ಮಾಲೀಕರು ಏನು ಸಮಜಾಯಿಷಿ ಕೊಟ್ಟರೂ ನಡೆಯದು. ಗಾಡಿ ಹುಟ್ಟಿದ ಮೇಲೆ ತಯಾರಾದ ವೈರು ಅದರೊಳಗೆ ಇರುವುದಾದರೂ ಹೇಗೆ?

2. ರೇಡಿಯೊ ಇತ್ತೇ ಎಂದು ವಿಚಾರಿಸಿ. ಕಾರ್ವೆಟ್‌ನದು ಫೈಬರ್‌ಗ್ಲಾಸ್ ಬಾಡಿ, ಕಿಡಿಯ ಗರಗರ ಸದ್ದು ರೇಡಿಯೊ ಸೇರದಂತೆ ತಡೆಯುವ ಲೋಹವೇ ಅಲ್ಲಿಲ್ಲ. ಅದಕ್ಕೇ ಡಿಸ್ಟ್ರಿಬ್ಯೂಟರಿಗೂ ವೈರುಗಳಿಗೂ ಕ್ರೋಮ್ ಶೀಲ್ಡ್ ಹಾಕುತ್ತಿದ್ದರು. ರೇಡಿಯೊ ಇಲ್ಲದ ಗಾಡಿಗೆ ಶೀಲ್ಡೂ ಇಲ್ಲ. 1967ರ ಎಲ್88 ಎಂಜಿನ್ ಕೊಂಡವರಿಗಂತೂ ರೇಡಿಯೊ ಸಿಗುತ್ತಲೇ ಇರಲಿಲ್ಲ. ಚೆಂದ ಕಾಣಲೆಂದು ಅಂಥ ಗಾಡಿಗೆ ಶೀಲ್ಡ್ ತೊಡಿಸಿ ತರುತ್ತಾರೆ, ದುಡ್ಡೂ ದಂಡ, ಅಂಕವೂ ದಂಡ.

3. ವೈರು ಹಾದ ದಾರಿಯೂ ಒರಿಜಿನಲ್ ಆಗಿರಬೇಕು. ಶೀಲ್ಡ್ ಇರುವ 327 ಎಂಜಿನ್‌ನಲ್ಲಿ ವೈರುಗಳು ಎಂಜಿನ್ ಹಿಂಬದಿಗೆ ಇಳಿದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗಿನಿಂದ ಪ್ಲಗ್ ಸೇರುತ್ತವೆ. ಕೈ ತೂರಿಸುವುದೇ ಕಷ್ಟ, ಶಾಖ ಬೇರೆ. ಹಾಗಂತ ಮೇಲಿಂದ ಎಳೆದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಲ್ಲೊಂದು ಮೆಕ್ಯಾನಿಕ್ ಮಾತು: ಫೈರಿಂಗ್ ಆರ್ಡರ್ 1-8-4-3-6-5-7-2. ಐದು ಮತ್ತು ಏಳು ಪಕ್ಕಪಕ್ಕದ ಸಿಲಿಂಡರ್, ಕಿಡಿಯೂ ಒಂದರ ಹಿಂದೆ ಒಂದು. ಆ ಎರಡು ವೈರು ಉದ್ದಕ್ಕೂ ಅಂಟಿಕೊಂಡು ಸಾಗಿದರೆ ಐದರ ಕಿಡಿ ಏಳಕ್ಕೆ ಹಾರಿ ಎಂಜಿನ್ ಮುಗ್ಗರಿಸುತ್ತದೆ.

4. ಹಳೇ ವೈರನ್ನೇ ಹಾಕಿ ಓಡಿಸುವ ಹಟ ಬೇಡ. ಒಳಗಿರುವುದು ತಾಮ್ರವಲ್ಲ, ಕಾರ್ಬನ್ ಹಿಡಿಸಿದ ನಾರು. ವರ್ಷ ಕಳೆದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಮಲ್ಟಿಮೀಟರ್ ಹಿಡಿದರೆ ತಿಳಿಯುತ್ತದೆ. ಅಚ್ಚು, ತಾರೀಖು, ಬೂಟಿನ ಆಕಾರ ಸರಿಯಿರುವ ಹೊಸ ನಕಲು ಹಾಕಿ. ಕಾರ್ಖಾನೆಯ ರೂಪಕ್ಕೆ ಹೊಂದಿದರೆ ಜಡ್ಜ್ ಒಪ್ಪುತ್ತಾರೆ. ದಪ್ಪನೆಯ ಬಣ್ಣದ ಸಿಲಿಕೋನ್ ವೈರು ಮಾತ್ರ ಬೇಡ.

5. ಜಡ್ಜಿಂಗ್ ಹಿಂದಿನ ರಾತ್ರಿ ಥಿನ್ನರ್ ಹಾಕಿ ವೈರು ಒರೆಸಬೇಡಿ. ಜಿಡ್ಡಿನ ಜೊತೆ ಅಕ್ಷರವೂ ಹೋಗುತ್ತದೆ. ಹಿಂಡಿದ ಒದ್ದೆ ಬಟ್ಟೆ ಸಾಕು, ಅದೂ ಅಚ್ಚಿರುವ ಕಡೆ ಉಜ್ಜದೆ.