ದಾಖಲೆಯ ಹೊಣೆ

ಸಂಸ್ಥೆಯೊಂದರ ನೆನಪು ಅದರ ದಾಖಲೆಗಳಲ್ಲಿ ಇರುತ್ತದೆ. ನೌಕರರು ಬರುತ್ತಾರೆ, ಕೆಲಸ ಮಾಡಿ ನಿವೃತ್ತರಾಗುತ್ತಾರೆ. ಅವರು ಬರೆದ ಕಡತಗಳು ಮಾತ್ರ ಉಳಿಯುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದ ಜನ್ಮದಿನಾಂಕವೇ ಮುಂದೆ ಅನೇಕ ಕಚೇರಿಗಳಲ್ಲಿ ವಯಸ್ಸಿಗೆ ಪ್ರಮಾಣವಾಗುತ್ತದೆ. ಆಸ್ಪತ್ರೆಯ ಚೀಟಿಯಲ್ಲಿರುವ ಮಾತನ್ನು ನಂಬಿ ಮತ್ತೊಬ್ಬ ವೈದ್ಯರು ಔಷಧ ಕೊಡುತ್ತಾರೆ. ಹೀಗೆ ಯಾರೋ ಬರೆದ ಒಂದು ಸಾಲು ಮತ್ತಾರದೋ ಬಾಳನ್ನು ಕಟ್ಟಬಲ್ಲುದು, ಕೆಡಿಸಲೂ ಬಲ್ಲುದು. ಆದುದರಿಂದ ದಾಖಲೆಯನ್ನು ಬರೆಯುವುದು, ಕಾಯುವುದು, ತೋರಿಸುವುದು, ಮುಚ್ಚಿಡುವುದು ಇವೆಲ್ಲವೂ ನೀತಿಗೆ ಸಂಬಂಧಿಸಿದ ಕಾರ್ಯಗಳಾಗಿವೆ.

ಕರ್ನಾಟಕದ ರೈತರಿಗೆ ಈ ಮಾತಿನ ಅರ್ಥ ಚೆನ್ನಾಗಿ ತಿಳಿದಿದೆ. ಜಮೀನು ಯಾರ ಹೆಸರಿನಲ್ಲಿದೆ, ಅದರ ವಿಸ್ತೀರ್ಣವೆಷ್ಟು, ಅಲ್ಲಿ ಯಾವ ಬೆಳೆಯಿದೆ, ಅದರ ಮೇಲೆ ಸಾಲವಿದೆಯೇ ಎಂಬ ವಿವರಗಳುಳ್ಳ ಪತ್ರವೇ ಪಹಣಿ. ಬೆಳೆಸಾಲ ಪಡೆಯಲು, ಜಮೀನು ಮಾರಲು, ನ್ಯಾಯಾಲಯದಲ್ಲಿ ಹಕ್ಕು ಸಾಧಿಸಲು ಅದು ಬೇಕು. ಹಿಂದೆ ಈ ಲೆಕ್ಕವನ್ನು ವಂಶಪಾರಂಪರ್ಯವಾಗಿ ಶಾನುಭೋಗರು ಇಡುತ್ತಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದ ಮೇಲೆ ಸರಕಾರದ ಸಂಬಳ ಪಡೆಯುವ ಗ್ರಾಮ ಲೆಕ್ಕಿಗರು ಆ ಕೆಲಸವನ್ನು ವಹಿಸಿಕೊಂಡರು. ಬರೆಯುವ ವ್ಯಕ್ತಿ ಬದಲಾದರೂ ಪುಸ್ತಕವು ಒಬ್ಬರ ಕೈಯಲ್ಲಿಯೇ ಉಳಿಯಿತು. ಬಿಸಿಲು ಮಳೆಯೆನ್ನದೆ ಹೊಲಗಳಿಗೆ ನಡೆದು ಸರಿಯಾದ ಲೆಕ್ಕ ಬರೆದ ಪ್ರಾಮಾಣಿಕರು ಅನೇಕರಿದ್ದರು. ಆದರೆ ಅಪ್ರಾಮಾಣಿಕನಾದವನು ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಸೇರಿಸಿದರೆ, ಅದು ಎಂದು ನಡೆಯಿತು, ಯಾರಿಂದ ನಡೆಯಿತು ಎಂದು ಕಂಡುಹಿಡಿಯುವುದು ಬಡ ರೈತನಿಗೆ ಸಾಧ್ಯವಾಗುತ್ತಿರಲಿಲ್ಲ. ತನ್ನದೇ ಜಮೀನಿನ ಪತ್ರಕ್ಕಾಗಿ ಅವನು ದಿನಗಟ್ಟಲೆ ಅಲೆಯಬೇಕಾಗುತ್ತಿತ್ತು, ಎಷ್ಟೋ ಬಾರಿ ಕೈ ಬಿಸಿ ಮಾಡಬೇಕಾಗುತ್ತಿತ್ತು.

ಈ ಸ್ಥಿತಿಯನ್ನು ಸರಿಪಡಿಸಲು ರಾಜ್ಯದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡಿತು. 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳ ವಿವರಗಳು ಗಣಕಯಂತ್ರಕ್ಕೆ ಸೇರಿದ್ದವು. ರೈತನು ತಾಲ್ಲೂಕು ಕಚೇರಿಗೆ ಬಂದು ಅಂದಿನ ಶುಲ್ಕವಾದ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಈ ಯೋಜನೆಯ ಹಿರಿಮೆ ಅದರ ವೇಗಕ್ಕಿಂತ ಹೆಚ್ಚಾಗಿ ಅದರ ಕಟ್ಟುಪಾಡುಗಳಲ್ಲಿ ಇದೆ. ದಾಖಲೆಯನ್ನು ತಿದ್ದುವ ಅಧಿಕಾರವುಳ್ಳವರು ತಮ್ಮ ಬೆರಳಚ್ಚನ್ನು ಒತ್ತಿದ ಮೇಲೆಯೇ ಯಂತ್ರವು ತೆರೆದುಕೊಳ್ಳುತ್ತಿತ್ತು. ಯಾರು, ಯಾವ ಹೊತ್ತಿನಲ್ಲಿ, ಏನನ್ನು ಬದಲಾಯಿಸಿದರು ಎಂಬುದು ತಾನಾಗಿಯೇ ನಮೂದಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಪರಿಶೀಲಿಸಬೇಕೆಂಬ ನಿಯಮವಿದ್ದುದರಿಂದ ಪ್ರಭಾವಶಾಲಿಯ ಕಾಗದವು ಬಡವನ ಕಾಗದವನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ನೌಕರನು ಯಂತ್ರದಲ್ಲಿ ಏನು ಮಾಡುತ್ತಿರುವನೆಂದು ನೋಡಲು ಜನರ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇಡಲಾಗಿತ್ತು.

ಹಾಗೆಂದು ಯಂತ್ರವೇ ಸತ್ಯವನ್ನು ನುಡಿಯುತ್ತದೆಂದು ತಿಳಿಯಲಾಗದು. ಅದು ಕೊಟ್ಟುದನ್ನು ಕಾಯುತ್ತದೆ. ತಪ್ಪನ್ನು ಕೊಟ್ಟರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಹಳೆಯ ಪುಸ್ತಕದಲ್ಲಿ ಎರಡು ಎಕರೆಯನ್ನು ಒಂದು ಎಕರೆಯೆಂದು ಬರೆದಿದ್ದರೆ, ಯಾರಾದರೂ ಗಮನಿಸಿ ತಿದ್ದುವವರೆಗೂ ಯಂತ್ರದಲ್ಲಿ ಅದು ಒಂದೇ ಎಕರೆ. ತಂದೆ ತೀರಿಕೊಂಡ ಬಳಿಕ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸಿದರೆ ಯಂತ್ರಕ್ಕೆ ಅನುಮಾನ ಬರುವುದಿಲ್ಲ. ಊರಿಗೆ ಹೋಗಿ, ನೆರೆಹೊರೆಯವರನ್ನು ವಿಚಾರಿಸಿ, “ಇವರಿಗೆ ಹೆಣ್ಣುಮಕ್ಕಳಿಲ್ಲವೆ?” ಎಂದು ಕೇಳುವ ಅಧಿಕಾರಿ ಬೇಕು. ಕಟ್ಟುಪಾಡು ಕೈಯನ್ನು ತಡೆಯಬಲ್ಲುದು. ಮನಸ್ಸಾಕ್ಷಿಯ ಸ್ಥಾನವನ್ನು ತುಂಬಲಾರದು.

ದಾಖಲೆ ಸತ್ಯವಾಗಿದ್ದರೆ ಸಾಲದು. ತೋರಿಸಬೇಕಾದವರಿಗೆ ಅದನ್ನು ತೋರಿಸಬೇಕು. ರಾಜಸ್ಥಾನದಲ್ಲಿ ಬರಗಾಲದ ಪರಿಹಾರ ಮೊದಲಾದ ಸರಕಾರಿ ಕಾಮಗಾರಿಗಳಲ್ಲಿ ದುಡಿದ ಕೂಲಿಕಾರರು ತಮ್ಮ ಹಾಜರಿ ಪಟ್ಟಿಯನ್ನು ತೋರಿಸಿರೆಂದು ಕೇಳಿದಾಗ ಅದು ಸರಕಾರದ ಗುಟ್ಟು ಎಂಬ ಉತ್ತರ ಬರುತ್ತಿತ್ತು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆಯು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್‌ಕಿರಾನಾ ಗ್ರಾಮದಲ್ಲಿ ಜನರನ್ನು ಸೇರಿಸಿ, ಕಾಮಗಾರಿಯ ಲೆಕ್ಕವನ್ನು ಎಲ್ಲರ ಮುಂದೆ ಓದಿಸಿತು. ಪಟ್ಟಿಯಲ್ಲಿ ಏನಿದೆ, ನಿಜವಾಗಿ ನಡೆದುದೇನು ಎಂಬುದನ್ನು ದುಡಿದವರೇ ಹೋಲಿಸಿ ನೋಡಿದರು. ಇಂತಹ ಹೋರಾಟಗಳ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿತು. ಕರ್ನಾಟಕವು ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತ್ತು.

ಹಾಗಾದರೆ ಎಲ್ಲ ದಾಖಲೆಗಳನ್ನೂ ಎಲ್ಲರ ಮುಂದೆ ತೆರೆದಿಡಬೇಕೇ? ಇಲ್ಲ. ಜನಗಣತಿಯ ಕಾರ್ಯಕರ್ತರು ಮನೆಗೆ ಬಂದಾಗ ಗೃಹಿಣಿಯು ಮನೆಯವರ ವಯಸ್ಸು, ಧರ್ಮ, ಅಂಗವೈಕಲ್ಯ ಮೊದಲಾದ ವಿವರಗಳನ್ನು ಸಂಕೋಚವಿಲ್ಲದೆ ಹೇಳುತ್ತಾಳೆ. 1948ರ ಜನಗಣತಿ ಕಾಯಿದೆಯ ಪ್ರಕಾರ ಆ ಹಾಳೆಗಳನ್ನು ಬೇರೆಯವರು ನೋಡುವಂತಿಲ್ಲ. ಸಾಮಾನ್ಯವಾಗಿ ನ್ಯಾಯಾಲಯವೂ ಅವುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಗುಟ್ಟನ್ನು ಹೊರಗೆಡಹಿದ ಕಾರ್ಯಕರ್ತನಿಗೆ ಶಿಕ್ಷೆಯುಂಟು. ನಾಡಿಗೆ ತಿಳಿಯುವುದು ಒಟ್ಟು ಸಂಖ್ಯೆ ಮಾತ್ರ. ಹೇಳಿದ ಮಾತು ಹೊರಗೆ ಹೋಗದೆಂಬ ನಂಬಿಕೆ ಮುರಿದರೆ ಮರುಬಾರಿ ಯಾರೂ ನಿಜವನ್ನು ಹೇಳರು.

ಒಂದೆಡೆ ತೆರೆ ಎನ್ನುವುದೂ ಇನ್ನೊಂದೆಡೆ ಮುಚ್ಚು ಎನ್ನುವುದೂ ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಎರಡರ ಮೂಲವೂ ಒಂದೇ. ದಾಖಲೆಯು ಅದನ್ನು ಇಟ್ಟುಕೊಂಡವರ ಆಸ್ತಿಯಲ್ಲ. ಯಾರಿಗಾಗಿ, ಯಾರನ್ನು ಕುರಿತು ಬರೆಯಲ್ಪಟ್ಟಿದೆಯೋ ಅವರು ಒಪ್ಪಿಸಿದ ಒತ್ತೆ. ಜನರ ಹಣದ ಲೆಕ್ಕ ಜನರಿಗೆ ಸೇರಿದ್ದು. ಆದುದರಿಂದ ಅದನ್ನು ತೆರೆಯಬೇಕು. ವ್ಯಕ್ತಿಯ ಖಾಸಗಿ ವಿವರ ಆ ವ್ಯಕ್ತಿಗೆ ಸೇರಿದ್ದು. ಆದುದರಿಂದ ಅದನ್ನು ಕಾಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

ನ್ಯಾಯಾಲಯ ಸಾರಿದುದನ್ನು ನಡೆಸಿಕೊಡಬೇಕಾದವರು ಕಚೇರಿಯ ಮೇಜಿನ ಹಿಂದೆ ಕುಳಿತವರು. ರೋಗಿಯ ಕಾಯಿಲೆಯನ್ನು ನೆಂಟರಲ್ಲಿ ಆಡಿಕೊಳ್ಳುವ ಗುಮಾಸ್ತ, ಗ್ರಾಹಕರ ಫೋನ್ ಸಂಖ್ಯೆಗಳನ್ನು ಮಾರುವ ನೌಕರ, ಮೇಲಿನವರು ಹೇಳಿದರೆಂದು ಸುಳ್ಳು ಲೆಕ್ಕ ಬರೆಯುವ ಲೆಕ್ಕಿಗ, ಇವರೆಲ್ಲರೂ ತಮಗೆ ಒಪ್ಪಿಸಿದ ಒತ್ತೆಯನ್ನು ಕದ್ದವರೇ. ತನ್ನ ಹೆಸರು, ತನ್ನ ಹೊಲ, ತನ್ನ ರೋಗ ಕಡತದಲ್ಲಿದ್ದರೆ ಇತರರು ಹೇಗೆ ನಡೆದುಕೊಳ್ಳಬೇಕೆಂದು ಬಯಸುವೆನೋ ಹಾಗೆ ನಡೆದುಕೊಳ್ಳುವವನೇ ದಾಖಲೆಯನ್ನು ಮುಟ್ಟಲು ಅರ್ಹನು.

ಅಭ್ಯಾಸ

1. ಪಹಣಿಯಲ್ಲಿ ಯಾವ ವಿವರಗಳಿರುತ್ತವೆ?
2. ‘ಭೂಮಿ’ ಯೋಜನೆಯ ಕಟ್ಟುಪಾಡುಗಳು ರೈತನಿಗೆ ಹೇಗೆ ನೆರವಾದವು?
3. “ಕಟ್ಟುಪಾಡು ಕೈಯನ್ನು ತಡೆಯಬಲ್ಲುದು; ಮನಸ್ಸಾಕ್ಷಿಯ ಸ್ಥಾನವನ್ನು ತುಂಬಲಾರದು.” ಈ ಮಾತನ್ನು ವಿವರಿಸಿ.
4. ಹಾಜರಿ ಪಟ್ಟಿಯನ್ನು ತೆರೆದು ತೋರಿಸಬೇಕು, ಜನಗಣತಿಯ ಹಾಳೆಯನ್ನು ಮುಚ್ಚಿಡಬೇಕು. ಏಕೆ?