ಕಂಪೈಲರ್ ಲಕೋಟೆ ಒಡೆಯುವುದಿಲ್ಲ

ಆರ್ಡುಯಿನೊ ಊನೊದಲ್ಲಿ ಚೂರು ತಡ ಬೇಕೆಂದು ಒಂದು ಖಾಲಿ ಲೂಪ್ ಬರೆಯುತ್ತೀರಿ: ಸಾವಿರದವರೆಗೆ ಎಣಿಸು, ಬೇರೇನೂ ಮಾಡಬೇಡ. ಅಪ್‌ಲೋಡ್ ಮಾಡಿದರೆ ತಡವೇ ಇಲ್ಲ. ಗಾತ್ರ ಇಳಿಸಬೇಕೆಂಬ ಆಜ್ಞೆ ಹೊತ್ತೇ ಕೆಲಸ ಮಾಡುವ ಜಿಸಿಸಿ ಕಂಪೈಲರ್, ಈ ಲೂಪಿನಿಂದ ಯಾರಿಗೂ ಉಪಯೋಗವಿಲ್ಲವೆಂದು ಕಂಡು ಅದನ್ನು ಕಿತ್ತುಹಾಕಿದೆ. ಇಲ್ಲಿಂದಲೇ ಶುರು ಮಾಡೋಣ. ಬೇಕಾದದ್ದು ಎಟಿಮೆಗಾ 328ಪಿ ಚಿಪ್ ಇರುವ ಊನೊ ಬೋರ್ಡ್, ಒಂದು ಗುಂಡಿ, ಜೊತೆಗೆ ತಾಳ್ಮೆ. ಕೋಡನ್ನು ಇಲ್ಲಿ ಓದಿ ಹೇಳುವಂತೆ ಬರೆದಿದ್ದೇನೆ. ಟೈಪ್ ಮಾಡುವುದು ಎಂದಿನಂತೆ ಇಂಗ್ಲಿಷಿನಲ್ಲೇ.

ಹಂತ 1: ಒಂದು ನಾಪ್ ಇಡಿ

ಲೂಪಿನೊಳಗೆ 'ಎಎಸ್‌ಎಂ' ಪದ ಬರೆದು, ಆವರಣದಲ್ಲಿ ಉದ್ಧರಣ ಚಿಹ್ನೆಗಳ ನಡುವೆ 'ನಾಪ್' ಎಂಬ ಸೂಚನೆ ಇಡಿ. ಏನೂ ಮಾಡದೆ ಒಂದು ಸೈಕಲ್ ಕಳೆಯುವುದಷ್ಟೇ ಅದರ ಕೆಲಸ. 16 ಮೆಗಾಹರ್ಟ್ಸ್ ಗಡಿಯಾರದಲ್ಲಿ ಒಂದು ಸೈಕಲ್ಲೆಂದರೆ 62.5 ನ್ಯಾನೊಸೆಕೆಂಡ್. ಈಗ ಲೂಪ್ ಉಳಿಯುತ್ತದೆ.

ಏಕೆ ಉಳಿಯಿತು? ನಾಪ್ ಎಂದರೇನೆಂದು ಕಂಪೈಲರಿಗೆ ತಿಳಿದದ್ದರಿಂದಲ್ಲ. ಆ ಉದ್ಧರಣದೊಳಗಿನ ಪಠ್ಯವನ್ನು ಅದು ಓದುವುದೇ ಇಲ್ಲ. ಅಂಚೆಯವನು ಲಕೋಟೆ ಒಡೆಯದೆ ಮೇಲಿನ ವಿಳಾಸವನ್ನಷ್ಟೇ ನೋಡುವ ಹಾಗೆ, ಕಂಪೈಲರ್ ನೀವು ಹೊರಗೆ ಬರೆದದ್ದನ್ನು ನಂಬಿ, ಒಳಗಿನದನ್ನು ಅಸೆಂಬ್ಲರಿಗೆ ದಾಟಿಸುತ್ತದೆ. (ಎಷ್ಟು ಸಾಲಿದೆ ಎಂದು ಎಣಿಸಿ ಗಾತ್ರ ಅಂದಾಜು ಮಾಡುತ್ತದೆ, ಅಂದರೆ ತೂಕ ಮಾತ್ರ ನೋಡುತ್ತದೆ.) ಮುಂದಿನ ಹಂತಗಳೆಲ್ಲ ವಿಳಾಸ ಸರಿಯಾಗಿ ಬರೆಯುವ ಕೆಲಸವೇ.

ಹಂತ 2: ನಾಲ್ಕು ಖಾನೆ ತುಂಬಿ

ಎಎಸ್‌ಎಂ ಆವರಣದಲ್ಲಿ ನಾಲ್ಕು ಖಾನೆಗಳಿವೆ: ಸೂಚನೆಯ ಪಠ್ಯ, ಹೊರಬರುವ ಬೆಲೆ, ಒಳಹೋಗುವ ಬೆಲೆ, ಕೆಡುವ ವಸ್ತು. ನಡುವೆ ಅರ್ಧವಿರಾಮವಲ್ಲ, ಕೋಲನ್. 8ನೇ ಪಿನ್ನಿಗೆ ಗುಂಡಿ ಜೋಡಿಸಿ, ಅದರ ಸ್ಥಿತಿಯನ್ನು 'ಇನ್' ಸೂಚನೆಯಿಂದ ಓದಿ. ಬೇಕಾದ ಪೋರ್ಟಿನ ವಿಳಾಸ 3. ಹೊರಬರುವ ಖಾನೆಯಲ್ಲಿ 'ಸಮ ಚಿಹ್ನೆ, ಆರ್', ಅಂದರೆ ಯಾವುದಾದರೂ ರಿಜಿಸ್ಟರಿಗೆ ಬರೆಯುತ್ತೇನೆ ಎಂದರ್ಥ. ಒಳಹೋಗುವ ಖಾನೆಯಲ್ಲಿ ದೊಡ್ಡ 'ಐ', ಅಂದರೆ 0ಯಿಂದ 63ರೊಳಗಿನ ಸ್ಥಿರ ಸಂಖ್ಯೆ.

ಇಲ್ಲೊಂದು ಹಳ್ಳವಿದೆ. ಸ್ಥಿರ ಸಂಖ್ಯೆಯನ್ನು ರಿಜಿಸ್ಟರಿಗೆ ತುಂಬುವ 'ಎಲ್‌ಡಿಐ' ಸೂಚನೆ 16ರಿಂದ 31ರವರೆಗಿನ ರಿಜಿಸ್ಟರುಗಳಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆ ಸಣ್ಣ 'ಡಿ' ಬರೆಯಬೇಕು. 'ಆರ್' ಬರೆದರೂ ಇವತ್ತು ಅದೃಷ್ಟಕ್ಕೆ ಮೇಲಿನ ರಿಜಿಸ್ಟರೇ ಸಿಕ್ಕಿ ಕೆಲಸ ನಡೆಯಬಹುದು. ನಾಳೆ ಎಲ್ಲೋ ಒಂದು ಸಾಲು ಸೇರಿಸಿದಾಗ ಕೆಳಗಿನದು ಸಿಕ್ಕಿ ಅಸೆಂಬ್ಲರ್ ತಗಾದೆ ತೆಗೆಯುತ್ತದೆ.

ಹಂತ 3: 'ವೊಲಟೈಲ್' ಸೇರಿಸಿ

ಗುಂಡಿ ಒತ್ತುವವರೆಗೆ ಓದುತ್ತಲೇ ಇರು ಎಂದು ಒಂದು ಲೂಪ್ ಬರೆದರೆ, ಎಷ್ಟು ಒತ್ತಿದರೂ ಬೋರ್ಡಿಗೆ ತಿಳಿಯದಿರಬಹುದು. ಒಳಹೋಗುವ ಬೆಲೆ ಪ್ರತಿ ಸುತ್ತಿನಲ್ಲೂ ಅದೇ 3; ಹಾಗಾದರೆ ಉತ್ತರವೂ ಅದೇ ಎಂದು ಲೆಕ್ಕ ಹಾಕಿದ ಕಂಪೈಲರ್ ಓದುವುದನ್ನು ಲೂಪಿನಿಂದ ಹೊರಗೆಳೆದು ಒಮ್ಮೆ ಮಾತ್ರ ಮಾಡಿಸುತ್ತದೆ. ಎಎಸ್‌ಎಂ ಪಕ್ಕದಲ್ಲಿ 'ವೊಲಟೈಲ್' ಬರೆಯಿರಿ: ಅಳಿಸಬೇಡ, ಹೊರಗೆಳೆಯಬೇಡ. ಹೊರಬರುವ ಬೆಲೆಯೇ ಇಲ್ಲದ ಎಎಸ್‌ಎಂಗೆ ಈ ಗುಣ ತಾನಾಗಿಯೇ ಬರುತ್ತದೆ. ಮೊದಲ ಹಂತದ ನಾಪ್ ಉಳಿದದ್ದು ಅದರಿಂದಲೇ. ಆದರೂ ಬರೆದುಬಿಡುವುದು ಒಳ್ಳೆಯ ರೂಢಿ.

ಹಂತ 4: ಕೆಡಿಸಿದ್ದನ್ನು ಒಪ್ಪಿಕೊಳ್ಳಿ

ನಿಮ್ಮ ಸೂಚನೆಗಳು ಬೇರೆ ರಿಜಿಸ್ಟರ್ ಮುಟ್ಟಿದರೆ ಅದರ ಹೆಸರು ನಾಲ್ಕನೇ ಖಾನೆಗೆ. ಒಂದು ಅಪವಾದ: 1ನೇ ರಿಜಿಸ್ಟರಿನಲ್ಲಿ ಯಾವಾಗಲೂ ಸೊನ್ನೆ ಇರುತ್ತದೆಂದು ಎವಿಆರ್ ಜಿಸಿಸಿ ನಂಬಿದೆ. ಗುಣಾಕಾರದ 'ಮಲ್' ಸೂಚನೆಯೋ ಉತ್ತರವನ್ನು 0 ಮತ್ತು 1ನೇ ರಿಜಿಸ್ಟರುಗಳಲ್ಲೇ ಇಡುತ್ತದೆ. ಉತ್ತರವನ್ನು ಬೇರೆಡೆಗೆ ಸಾಗಿಸಿದ ಮೇಲೆ 1ನೆಯದನ್ನು ನೀವೇ ಸೊನ್ನೆ ಮಾಡಬೇಕು. ಮರೆತರೆ ಗುಣಾಕಾರ ಸರಿಯಾಗಿಯೇ ಇರುತ್ತದೆ, ಕೆಡುವುದು ಮತ್ತೆಲ್ಲೋ.

ಹಂತ 5: ಇಂಟರಪ್ಟ್ ತಡೆದು ನೋಡಿ

ಅತಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಎಂಟು ಬಿಟ್ ಚಿಪ್ಪಿಗೆ 16 ಬಿಟ್ ಸಂಖ್ಯೆ ಬರೆಯಲು ಎರಡು ಹೆಜ್ಜೆ ಬೇಕು. ನಡುವೆ ಇಂಟರಪ್ಟ್ ನುಗ್ಗಿದರೆ ಅರ್ಧ ಹಳೆಯದು, ಅರ್ಧ ಹೊಸದು ಎಂಬ ಎಡಬಿಡಂಗಿ ಸಂಖ್ಯೆ ಅದರ ಕಣ್ಣಿಗೆ ಬೀಳುತ್ತದೆ. ಅದಕ್ಕೇ 'ಸಿಎಲ್‌ಐ' ಸೂಚನೆಯಿಂದ ಇಂಟರಪ್ಟ್ ಮುಚ್ಚಿ, ಬರೆದು, 'ಎಸ್‌ಇಐ'ಯಿಂದ ತೆರೆಯುತ್ತೇವೆ. ಎವಿಆರ್ ಲಿಬ್‌ಸಿಯ ಈ ಎರಡೂ ಮ್ಯಾಕ್ರೊಗಳ ನಾಲ್ಕನೇ ಖಾನೆಯಲ್ಲಿ 'ಮೆಮೊರಿ' ಎಂಬ ಪದ ಮೊದಲೇ ಇದೆ: ನೆನಪಿಗೆ ಬರೆಯುವುದನ್ನು, ಅಲ್ಲಿಂದ ಓದುವುದನ್ನು ಈ ಗೆರೆ ದಾಟಿಸಬೇಡ ಎಂಬ ತಾಕೀತು.

ಸಾಕಾಯಿತೆಂದುಕೊಂಡರೆ ತಪ್ಪು. ಹೀಗೆ ಬರೆಯಿರಿ: ಮೊದಲು 65535ನ್ನು ಒಂದು ಚರಾಂಶದಿಂದ ಭಾಗಿಸಿ ಉತ್ತರವನ್ನು ಅದರಲ್ಲೇ ಇಡಿ, ಆಮೇಲೆ ಸಿಎಲ್‌ಐ, ಆಮೇಲೆ ಆ ಉತ್ತರವನ್ನು ಗ್ಲೋಬಲ್ ಚರಾಂಶಕ್ಕೆ ಬರೆಯಿರಿ, ಕೊನೆಗೆ ಎಸ್‌ಇಐ. ಕಂಪೈಲ್ ಮಾಡಿ ತೆಗೆದ ಅಸೆಂಬ್ಲಿಯಲ್ಲಿ ಭಾಗಾಕಾರ ಸಿಎಲ್‌ಐ ದಾಟಿ ಕೆಳಗೆ ಇಳಿದುಬಂದಿರಬಹುದು! ಎವಿಆರ್ ಲಿಬ್‌ಸಿ ಕೈಪಿಡಿ ಎಚ್ಚರಿಸುವುದೂ ಇದನ್ನೇ. ಭಾಗಾಕಾರಕ್ಕೆಂದೇ ಸರ್ಕ್ಯೂಟ್ ಇಲ್ಲದ ಈ ಚಿಪ್ಪಿನಲ್ಲಿ ಅದಕ್ಕೆ ಸುಮಾರು ಇನ್ನೂರು ಸೈಕಲ್ ಬೇಕು. ಅಷ್ಟು ಹೊತ್ತೂ ಇಂಟರಪ್ಟುಗಳು ಬಾಗಿಲಾಚೆ ಕಾಯುತ್ತವೆ.

ಕಂಪೈಲರ್ ಮೋಸ ಮಾಡಿಲ್ಲ. ಭಾಗಲಬ್ಧ ಇದ್ದದ್ದು ರಿಜಿಸ್ಟರಿನಲ್ಲಿ, ನೆನಪಿನಲ್ಲಲ್ಲ. 'ಮೆಮೊರಿ' ತಾಕೀತು ಅದನ್ನು ಮುಟ್ಟುವುದೇ ಇಲ್ಲ. 'ವೊಲಟೈಲ್' ಕಾಯುವುದೂ ಇನ್ನೊಂದು ವೊಲಟೈಲ್ ಜೊತೆಗಿನ ಸರದಿಯನ್ನಷ್ಟೇ, ಮಾಮೂಲಿ ಲೆಕ್ಕದ ಸರದಿಯನ್ನಲ್ಲ.

ಹಂತ 6: ಖಾಲಿ ಲಕೋಟೆ ಕಳಿಸಿ

ಪರಿಹಾರ ಒಂದೇ ಸಾಲಿನದು. ಸಿಎಲ್‌ಐಗಿಂತ ಮುಂಚೆ ಒಂದು ವೊಲಟೈಲ್ ಎಎಸ್‌ಎಂ ಇಡಿ. ಪಠ್ಯದ ಖಾನೆ ಪೂರ್ತಿ ಖಾಲಿ. ಹೊರಬರುವ ಖಾನೆಯಲ್ಲಿ 'ಕೂಡಿಸುವ ಚಿಹ್ನೆ, ಆರ್' ಬರೆದು ಆ ಚರಾಂಶವನ್ನು ಕೊಡಿ. ಇದನ್ನು ಓದುತ್ತೇನೆ, ಬದಲಿಸುತ್ತೇನೆ ಎಂದು ಹೇಳಿದಂತಾಯಿತು. ಲಕೋಟೆ ಒಡೆಯದ ಕಂಪೈಲರ್ ನಂಬುತ್ತದೆ. ಬೆಲೆ ಕೈಗೆ ಕೊಡಬೇಕಾದರೆ ಭಾಗಾಕಾರ ಮುಗಿದಿರಲೇಬೇಕು. ಎರಡು ವೊಲಟೈಲುಗಳ ಸರದಿ ಬದಲಾಗದ್ದರಿಂದ ಸಿಎಲ್‌ಐ ಅದಕ್ಕಿಂತ ಮುಂಚೆ ಬರಲಾರದು. ಚಿಪ್ಪಿಗೆ ಒಂದೇ ಒಂದು ಸೂಚನೆಯೂ ಹೆಚ್ಚಾಗಿಲ್ಲ. ನನಗೆ ಈ ಇಡೀ ವಿದ್ಯೆಯಲ್ಲಿ ತುಂಬ ಇಷ್ಟವಾದ ಸಾಲು ಇದು.

ಹಂತ 7: ಕಣ್ಣಾರೆ ನೋಡಿ

ಎಲ್‌ಇಡಿ ಮಿನುಗಿತೆಂದು ನಂಬಬೇಡಿ. 'ಎವಿಆರ್ ಆಬ್ಜ್‌ಡಂಪ್'ಗೆ 'ಮೈನಸ್ ಡಿ' ಕೊಟ್ಟು, ಇಎಲ್‌ಎಫ್ ಕಡತವನ್ನು ಬಿಡಿಸಿ. ಭಾಗಾಕಾರದ ಕರೆ ಸಿಎಲ್‌ಐಗಿಂತ ಮೇಲಿದೆಯೇ, ಗುಂಡಿಯ 'ಇನ್' ಲೂಪಿನ ಒಳಗೇ ಇದೆಯೇ ಎಂದು ಹುಡುಕಿ. ಕಂಪೈಲರಿನ ಆವೃತ್ತಿ ಬದಲಾದ ದಿನ ಮತ್ತೊಮ್ಮೆ ಹುಡುಕಿ.